ಸಣ್ಣ ಎಂಜಿನ್ನು, ದೊಡ್ಡ ಉಸಿರು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ಅಡಿಕೆ ಬೇಯಿಸುವ ಮನೆಯ ಹಿಂದೆ, ಮೆಕ್ಕೆಜೋಳದ ಚೀಲ ಒಟ್ಟಿದ ಕೊಟ್ಟಿಗೆಯಲ್ಲಿ, ಅಲ್ಲೊಂದು ಇಲ್ಲೊಂದು ಹಳೆಯ ಫಿಯಟ್ ಕಾರು ಕಣ್ಣಿಗೆ ಬೀಳುತ್ತದೆ. ಮೇಲೆ ಟಾರ್ಪಾಲು. ಟಾರ್ಪಾಲಿನ ಮೇಲೆ ಕೋಳಿ. ಚಕ್ರಗಳಲ್ಲಿ ಗಾಳಿಯಿಲ್ಲ. ಆ ಮನೆಯ ಮಕ್ಕಳನ್ನು ಕೇಳಿದರೆ, ತಾತನ ಗಾಡಿ ಎನ್ನುತ್ತಾರೆ.

ಈ ಹೊತ್ತು ನಾನು ಹೇಳಲು ಬಂದಿರುವುದು ಇಟಲಿಯ ರೇಸು ಕಾರುಗಳ ಕಥೆ. ಫೆರಾರಿ ಎಂಬ ಕೆಂಪು ಕಾರಿನ ಕಥೆ, ಹಿಮದಲ್ಲಿ, ಕೆಸರಿನಲ್ಲಿ ಓಡುವ ರ‍್ಯಾಲಿ ಕಾರುಗಳ ಕಥೆ. ಅದಕ್ಕೂ ನಮ್ಮ ಕೊಟ್ಟಿಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ದೂರದ್ದೇನೂ ಅಲ್ಲ. ಟಾರ್ಪಾಲಿನ ಕೆಳಗೆ ಮಲಗಿರುವ ಆ ಕಾರಿನ ಎಂಜಿನ್ನು, ಎಂಜೋ ಫೆರಾರಿ ಸ್ವಂತವಾಗಿ ಕಟ್ಟಿದ ಮೊದಲ ಕಾರಿಗೆ ಸೋದರ ವಾವೆಯದ್ದು. ಆ ವಂಶದ ಕಥೆಯನ್ನು ಒಂದೊಂದೇ ಮೆಟ್ಟಿಲಾಗಿ ಹತ್ತೋಣ.

ಮೊದಲು ಎಂಜಿನ್ನಿನ ಪರಿಚಯ. ಫಿಯಟ್ ಕಂಪನಿ ಹುಟ್ಟಿದ್ದು 1899ರಲ್ಲಿ, ಇಟಲಿಯ ಉತ್ತರದ ಟ್ಯೂರಿನ್ ನಗರದಲ್ಲಿ. ಅಲ್ಲಿ ದಾಂತೆ ಜಕೋಸಾ ಎಂಬ ತರುಣ ಎಂಜಿನಿಯರ್ ಇದ್ದ. 1937ರಲ್ಲಿ ಅವನು ರೂಪಿಸಿದ ಕಾರು ಹೊರಬಂತು. ಅದರ ಎಂಜಿನ್ನಿನ ಅಳತೆ 1089 ಸಿಸಿ. ಲೆಕ್ಕಕ್ಕೆ ಸುಲಭವಾಗಲಿ ಎಂದು 1100 ಎನ್ನೋಣ. ಕಾರಿಗೂ ಜನ ಅದೇ ಹೆಸರಿಟ್ಟರು, ಫಿಯಟ್ 1100.

ಈ 1100 ಎಂದರೆ ಎಷ್ಟು? ಅಡುಗೆಮನೆಯಿಂದ ನಾಲ್ಕು ದೊಡ್ಡ ಲೋಟ ತನ್ನಿ. ಒಂದೊಂದರಲ್ಲಿ ಕಾಲು ಲೀಟರಿಗಿಂತ ಒಂದಿಷ್ಟು ಹೆಚ್ಚು ಹಿಡಿಯಬೇಕು. ಸಾಲಾಗಿ ಇಡಿ. ಅಷ್ಟೇ. ಆ ನಾಲ್ಕು ಲೋಟವೇ ನಾಲ್ಕು ಸಿಲಿಂಡರ್. ಲೋಟದೊಳಗೆ ಪೆಟ್ರೋಲು ಬೆರೆತ ಗಾಳಿ ಹೊಗುತ್ತದೆ, ಉರಿಯುತ್ತದೆ, ಹೊಗೆಯಾಗಿ ಹೊರಗೆ ಹೋಗುತ್ತದೆ. ಇಡೀ ಸಂಸಾರವನ್ನು ಎಳೆಯುವ ಶಕ್ತಿ ಹುಟ್ಟುವುದು ಆ ನಾಲ್ಕು ಲೋಟದಲ್ಲಿ.

ಇಲ್ಲಿ ಜಕೋಸಾ ಒಂದು ಜಾಣತನ ಮಾಡಿದ. ಆ ಕಾಲದ ಬಹಳಷ್ಟು ಅಗ್ಗದ ಕಾರುಗಳಲ್ಲಿ ಗಾಳಿ ಒಳಹೊಗುವ, ಹೊಗೆ ಹೊರಹೋಗುವ ಬಾಗಿಲು ಸಿಲಿಂಡರಿನ ಪಕ್ಕದಲ್ಲಿ ಇರುತ್ತಿತ್ತು. ಈ ಬಾಗಿಲಿಗೆ ವಾಲ್ವ್ ಎನ್ನುತ್ತಾರೆ. ಜಕೋಸಾ ವಾಲ್ವುಗಳನ್ನು ಸಿಲಿಂಡರಿನ ನೆತ್ತಿಯ ಮೇಲೆ ಇಟ್ಟ. ಗಾಳಿ ಸುತ್ತಿ ಬಳಸಿ ಬರುವುದು ತಪ್ಪಿತು. ಒಲೆ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೌದೆ ಎಷ್ಟೇ ಇರಲಿ, ಗಾಳಿಯಾಡದಿದ್ದರೆ ಉರಿ ಏಳುವುದಿಲ್ಲ. ಊದುಗೊಳವೆ ಹಿಡಿದು ನಾಲ್ಕು ಸಲ ಊದಿದರೆ ಅದೇ ಸೌದೆ ಭುಗ್ಗನೆ ಹೊತ್ತಿಕೊಳ್ಳುತ್ತದೆ. ಈ ಊದುಗೊಳವೆ ನಿಮ್ಮ ನೆನಪಿನಲ್ಲಿರಲಿ. ನನ್ನ ಇಡೀ ಮಾತು ಅದರ ಸುತ್ತಲೇ ತಿರುಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. 1937ರಲ್ಲಿ ಒಂದು ಸಣ್ಣ ಎಂಜಿನ್ನು ಹುಟ್ಟಿತು. ಗಾತ್ರ ಕಿರಿದು, ಉಸಿರು ಸರಾಗ. ಮುಂದಿನ ಮೆಟ್ಟಿಲು ಎಂಜೋ ಫೆರಾರಿಯದು.

ಎಂಜೋ ಫೆರಾರಿ ಮೊದಲು ಆಲ್ಫಾ ರೋಮಿಯೋ ಎಂಬ ಕಂಪನಿಯ ರೇಸು ತಂಡ ನಡೆಸುತ್ತಿದ್ದವನು. 1939ರಲ್ಲಿ ಅಲ್ಲಿಂದ ಹೊರಬಿದ್ದ. ಹೊರಬೀಳುವಾಗ ಒಂದು ಕರಾರಿತ್ತು. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸಿಗೆ ಇಳಿಯಕೂಡದು. ಆತನ ಬಳಿ ಮೊಡೆನಾ ಊರಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇತ್ತು, ಕೆಲವು ನಂಬಿಗಸ್ತ ಕೆಲಸಗಾರರಿದ್ದರು. ಹೆಸರು ಹಾಕುವಂತಿಲ್ಲ, ಹೊಸ ಎಂಜಿನ್ ಮೊದಲಿನಿಂದ ಮಾಡಲು ಸಮಯವೂ ಇಲ್ಲ. 1940ರ ಏಪ್ರಿಲಿನಲ್ಲಿ ರೇಸು. ಕೈಯಲ್ಲಿದ್ದದ್ದು ಕೆಲವೇ ತಿಂಗಳು.

ಆಗ ಆತ ಕಣ್ಣು ಹಾಕಿದ್ದು ಬೀದಿಯಲ್ಲಿ ಓಡಾಡುತ್ತಿದ್ದ ಫಿಯಟ್ 1100ರ ಮೇಲೆ. ಅದರ ಎಂಜಿನ್ನಿನ ಮೇಲ್ಭಾಗಕ್ಕೆ ನಮ್ಮ ಮೆಕಾನಿಕ್ಕುಗಳು ಹೆಡ್ಡು ಎನ್ನುತ್ತಾರಲ್ಲ, ವಾಲ್ವುಗಳು ಕೂತಿರುವ ಭಾಗ, ಅಂಥ ಎರಡು ಹೆಡ್ಡುಗಳನ್ನು ಒಂದರ ಹಿಂದೆ ಒಂದು ಇಟ್ಟು ಹೊಂದಿಸಿದರು. ಕೆಳಗಿನ ಭಾಗವನ್ನು ಅಲ್ಯೂಮಿನಿಯಮ್ಮಿನಲ್ಲಿ ಹೊಸದಾಗಿ ಎರಕ ಹೊಯ್ಯಿಸಿದರು. ಭಾರದ ಗಾಡಿಗೆ ಮುಂದೊಂದು ಜೊತೆ, ಹಿಂದೊಂದು ಜೊತೆ ಎತ್ತು ಹೂಡಿದ ಹಾಗೆ. ನಾಲ್ಕು ಸಿಲಿಂಡರ್ ಹೋಗಿ ಎಂಟಾಯಿತು. ಒಟ್ಟು ಅಳತೆ ಒಂದೂವರೆ ಲೀಟರ್. ಎಂಟು ಸಿಲಿಂಡರ್, 1.5 ಲೀಟರ್, ಹಾಗಾಗಿ ಕಾರಿನ ಹೆಸರು 815. ಕಾರಿನ ಮೇಲೆ ಫೆರಾರಿ ಎಂದು ಎಲ್ಲಿಯೂ ಬರೆದಿರಲಿಲ್ಲ.

ಇಂಥ ಎರಡು ಕಾರುಗಳನ್ನು ಕಟ್ಟಿದರು. ಒಂದನ್ನು ಓಡಿಸಿದವನು ಇಪ್ಪತ್ತೊಂದು ವರ್ಷದ ಹುಡುಗ, ಆಲ್ಬರ್ಟೋ ಅಸ್ಕಾರಿ. ಗೆದ್ದರೇ ಎಂದು ಕೇಳುತ್ತೀರಿ. ಇಲ್ಲ. ಎರಡು ಕಾರುಗಳೂ ದಾರಿಯಲ್ಲೇ ಕೆಟ್ಟು ನಿಂತವು. ಆದರೆ ಅದೇ ಹುಡುಗ ಮುಂದೆ 1952 ಮತ್ತು 1953ರಲ್ಲಿ ಫೆರಾರಿ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದ. ಫೆರಾರಿ ಎಂಬ ಹೆಸರು ಹೊತ್ತ ಮೊದಲ ಕಾರು ಬಂದದ್ದು 1947ರಲ್ಲಿ. ಅದರ ಹೆಸರು 125. ಯಾಕೆ 125? ಅದರಲ್ಲಿ ಹನ್ನೆರಡು ಸಿಲಿಂಡರ್, ಒಂದೊಂದೂ ಸುಮಾರು 125 ಸಿಸಿ. ನಮ್ಮ ಊರಿನ ಹುಡುಗರ ಬೈಕಿನ ಎಂಜಿನ್ನಿನಷ್ಟು. ಹನ್ನೆರಡೂ ಸೇರಿದರೂ ಮತ್ತೆ ಒಂದೂವರೆ ಲೀಟರೇ. ಸಣ್ಣ ಲೋಟ, ಸಲೀಸು ಉಸಿರು.

ಅಂದರೆ, ಫೆರಾರಿಯ ಮೊದಲ ಪ್ರಯತ್ನ ನಿಂತದ್ದು ಫಿಯಟ್ 1100ರ ಹೆಡ್ಡುಗಳ ಮೇಲೆ. ಅದು ಗುರಿ ಮುಟ್ಟಲಿಲ್ಲ. ಗುರಿ ಮುಟ್ಟಿ ತೋರಿಸಿದ ಇನ್ನೊಂದು ಕಾರಿದೆ. ಮೂರನೆಯ ಮೆಟ್ಟಿಲು ಅದು.

ಎರಡನೇ ಮಹಾಯುದ್ಧ ಮುಗಿದಿತ್ತು. ಇಟಲಿ ಸೋತು ಸುಣ್ಣವಾಗಿತ್ತು. ಟ್ಯೂರಿನ್ನಿನ ವ್ಯಾಪಾರಿ ಪಿಯೆರೋ ದೂಸಿಯೋ ಎಂಬವನು ಅಗ್ಗದ ರೇಸು ಕಾರು ಮಾಡಲು ಹೊರಟ. ಕಂಪನಿಯ ಹೆಸರು ಚಿಸಿತಾಲಿಯಾ. ಕಾರು ರೂಪಿಸಿಕೊಟ್ಟವನು ನಮ್ಮ ಅದೇ ಜಕೋಸಾ. ಫಿಯಟ್ಟಿನ ಕೆಲಸ ಮುಗಿಸಿ ಬಿಡುವಿನ ವೇಳೆಯಲ್ಲಿ ಮಾಡಿಕೊಟ್ಟ. ಎಂಜಿನ್ನು ಅದೇ 1100. ಬೀದಿ ಕಾರಿನಲ್ಲಿ ಸುಮಾರು 30 ಅಶ್ವಶಕ್ತಿ ಕೊಡುತ್ತಿದ್ದದ್ದು, ಇಲ್ಲಿ ಸುಮಾರು 60 ಕೊಟ್ಟಿತು. ಲೋಟದ ಗಾತ್ರ ಹೆಚ್ಚಿಸಲಿಲ್ಲ. ಒಳಗಿನ ಒತ್ತಡ ಹೆಚ್ಚಿಸಿದರು, ಗಾಳಿ ಹೊಗುವ ದಾರಿ ನಯಮಾಡಿದರು.

ಈ ಕಾರನ್ನು ಓಡಿಸಲು ಬಂದವನು ತಾಜಿಯೋ ನುವೊಲಾರಿ. ಇಟಲಿಯ ಮನೆಮನೆಗೂ ಗೊತ್ತಿದ್ದ ಹೆಸರು. ಆಗ ವಯಸ್ಸು ಐವತ್ತು ದಾಟಿತ್ತು. ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಿದ್ದ. ವರ್ಷಾನುಗಟ್ಟಲೆ ಎಂಜಿನ್ನಿನ ಹೊಗೆ ಕುಡಿದು ಶ್ವಾಸಕೋಶ ಹಾಳಾಗಿತ್ತು. 1946ರಲ್ಲಿ ಟ್ಯೂರಿನ್ನಿನ ಒಂದು ರೇಸಿನಲ್ಲಿ ಕಾರಿನ ಸ್ಟೀರಿಂಗ್ ಚಕ್ರವೇ ಕಳಚಿ ಕೈಗೆ ಬಂತು. ನುವೊಲಾರಿ ಅದನ್ನು ಒಂದು ಕೈಯಲ್ಲಿ ಎತ್ತಿ ತನ್ನವರಿಗೆ ತೋರಿಸುತ್ತ, ಇನ್ನೊಂದು ಕೈಯಲ್ಲಿ ಬರೀ ಸರಳು ಹಿಡಿದು ಕಾರು ನಡೆಸಿಕೊಂಡು ಬಂದ.

ಮರು ವರ್ಷ, 1947. ಮಿಲ್ಲೆ ಮಿಲ್ಯಾ ರೇಸು. ಹಾಗೆಂದರೆ ಸಾವಿರ ಮೈಲಿ. ಬ್ರೆಷಿಯಾ ಊರಿನಿಂದ ಹೊರಟು, ರೋಮ್ ಮುಟ್ಟಿ, ಮತ್ತೆ ಬ್ರೆಷಿಯಾಕ್ಕೆ ಬರಬೇಕು. ಆ ವರ್ಷದ ದಾರಿ ಸುಮಾರು 1800 ಕಿಲೋಮೀಟರ್. ಅದಕ್ಕೆಂದೇ ಕಟ್ಟಿದ ಟ್ರ್ಯಾಕ್ ಇಲ್ಲ. ಊರೂರಿನ ಬೀದಿಗಳಲ್ಲೇ ಓಟ. ನುವೊಲಾರಿಯದು ಮೇಲ್ಛಾವಣಿಯಿಲ್ಲದ ಪುಟ್ಟ ಚಿಸಿತಾಲಿಯಾ. ಎದುರಾಳಿ ಬಿಯೊಂದೆತ್ತಿಯ ಆಲ್ಫಾ ರೋಮಿಯೋ, ಮೂರು ಲೀಟರಿಗೆ ಹತ್ತಿರದ ಎಂಜಿನ್ನು. ಎರಡೂವರೆ ಪಟ್ಟಿಗೂ ದೊಡ್ಡದು ಎನ್ನಿ. ಆದರೂ ಓಟದ ಕೊನೆಯ ಭಾಗ ಬರುವವರೆಗೆ ಸಣ್ಣ ಕಾರೇ ಮುಂದಿತ್ತು. ಆಮೇಲೆ ಮಳೆ ಸುರಿಯಿತು. ಎಂಜಿನ್ನಿಗೆ ನೀರು ಹೊಕ್ಕಿತು. ನುವೊಲಾರಿ ಎರಡನೆಯವನಾಗಿ ಬಂದ. ಅವನ ಹಿಂದೆ ಮೂರನೆಯದೂ ನಾಲ್ಕನೆಯದೂ ಚಿಸಿತಾಲಿಯಾ ಕಾರುಗಳೇ. ತನ್ನ ಉಸಿರೇ ಕಡಿಮೆಯಾಗಿದ್ದ ಮನುಷ್ಯ, ಸಣ್ಣ ಎಂಜಿನ್ನಿನ ಉಸಿರು ನಂಬಿ ಅಷ್ಟು ದೂರ ಬಂದಿದ್ದ.

ಅದೇ ಚಿಸಿತಾಲಿಯಾದ ಇನ್ನೊಂದು ಕಾರು, ಪಿನಿನ್‌ಫರೀನಾ ಮೈ ಕಟ್ಟಿದ್ದು, ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸ್ವತ್ತು. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಿನ ಹಾಗೆ, ಎಲ್ಲಿಯೂ ಮೂಲೆಯಿಲ್ಲದ ಮೈ. ಶಿಲ್ಪ, ಚಿತ್ರಗಳ ಸಾಲಿಗೆ ಸೇರಿದ ಆ ಕಾರಿನ ಹೊಟ್ಟೆಯಲ್ಲಿರುವುದೂ ಫಿಯಟ್ 1100ರ ಎಂಜಿನ್ನೇ.

ಈಗ ಒಮ್ಮೆ ಹಿಂತಿರುಗಿ ನೋಡೋಣ. ಟ್ಯೂರಿನ್ನಿನಲ್ಲಿ ಹುಟ್ಟಿದ ಎಂಜಿನ್ನು ಫೆರಾರಿಗೆ ಮೆಟ್ಟಿಲಾಯಿತು, ನುವೊಲಾರಿಗೆ ಬೆನ್ನಾಯಿತು. ಅದು ನಮ್ಮ ಕೊಟ್ಟಿಗೆಗೆ ಹೇಗೆ ಬಂತು? ಇದು ನಾಲ್ಕನೆಯ ಮೆಟ್ಟಿಲು. ಇಲ್ಲಿ ನಮ್ಮವರೇ ಒಬ್ಬರು ಸಿಗುತ್ತಾರೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಾಲ ಮೇಲೆ ನಿಲ್ಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ತಲೆಯಲ್ಲಿ 1930ರ ದಶಕದಲ್ಲಿ ಇದ್ದದ್ದು ಇನ್ನೊಂದು ಕಾರ್ಖಾನೆ. ಭಾರತದಲ್ಲೇ ಕಾರು ಮಾಡುವ ಕಾರ್ಖಾನೆ. ಎಪ್ಪತ್ತು ದಾಟಿದ್ದ ಅವರು ಯುರೋಪು, ಅಮೆರಿಕಗಳ ಕಾರ್ಖಾನೆ ಸುತ್ತಿ ಬಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೈಸೂರು ಸಂಸ್ಥಾನವೂ ನೆರವಿಗೆ ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಇತ್ತ 1940ರಲ್ಲಿ ವಾಲ್‌ಚಂದರು ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಇಂದಿನ ಎಚ್‌ಎಎಲ್ ಅದೇ. ಕಾರಿನ ಕನಸು ಮಾತ್ರ ಮುಂಬಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು.

ಆ ಕಾರ್ಖಾನೆ 1950ರ ದಶಕದಲ್ಲಿ ಫಿಯಟ್ ಕಾರುಗಳನ್ನು ಜೋಡಿಸತೊಡಗಿತು. ಮೊದಮೊದಲು ಭಾಗಗಳು ಇಟಲಿಯಿಂದ ಬರುತ್ತಿದ್ದವು, ಬರುಬರುತ್ತ ಇಲ್ಲೇ ತಯಾರಾದವು. 1974ರಲ್ಲಿ ಅದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಚಿತ್ತೋರಿನ ರಾಣಿಯ ಹೆಸರು. ಹೆಸರು ಬದಲಾದರೂ ನಮ್ಮ ಜನ ಅದನ್ನು ಫಿಯಟ್ ಎನ್ನುವುದನ್ನು ಬಿಡಲಿಲ್ಲ. ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಅದು 2023ರವರೆಗೂ ಓಡಿತು. ಎಂಜಿನ್ನಿನ ಅಳತೆ? ಅದೇ 1089. ಜಕೋಸಾ 1937ರಲ್ಲಿ ಬರೆದ ಅಂಕಿ ಸುಮಾರು ಅರವತ್ತು ವರ್ಷದ ನಂತರ ಕುರ್ಲಾದಲ್ಲೂ ಅಳಿಯಲಿಲ್ಲ.

ಇಷ್ಟರಲ್ಲಿ ಎಂಜಿನ್ನು ಭಾರತಕ್ಕೆ ಬಂತು. ಇನ್ನು ಅದು ನಮ್ಮೂರಿಗೆ ಬರಬೇಕು. ಐದನೆಯ ಮೆಟ್ಟಿಲು, ನನ್ನ ಮನೆಯದೇ.

ನನ್ನ ದೊಡ್ಡಪ್ಪ ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಎಂಬತ್ತರ ದಶಕದಲ್ಲಿ ಶಿವಮೊಗ್ಗದಿಂದ ಒಂದು ಸೆಕೆಂಡ್ ಹ್ಯಾಂಡ್ ಪದ್ಮಿನಿ ತಂದರು. ಕೆನೆ ಬಣ್ಣ. ಹಿಂದೆ ಎರಡು ಕಡೆ ಸಣ್ಣ ರೆಕ್ಕೆಯ ಹಾಗೆ ಎತ್ತಿದ ಅಂಚು. ಗೇರು ಕಾಲಿನ ಹತ್ತಿರ ಇಲ್ಲ, ಸ್ಟೀರಿಂಗಿನ ಪಕ್ಕದಲ್ಲೇ ಒಂದು ಕೈ. ಹಾಗಾಗಿ ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ. ಮುಂದೆ ಮೂವರು, ಹಿಂದೆ ಐವರು, ಮಡಿಲಲ್ಲಿ ಮಕ್ಕಳು. ಚಳಿಗಾಲದ ಬೆಳಗ್ಗೆ ದೊಡ್ಡಪ್ಪ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಎಳೆದು ಕೀಲಿ ತಿರುಗಿಸುವರು. ಎಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಳ್ಳುವುದು. ಆಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಟಕಟಕ ಸದ್ದು. ಚೋಕ್ ಎಂದರೂ ಗಾಳಿಯ ಲೆಕ್ಕವೇ. ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ, ಪೆಟ್ರೋಲು ಹೆಚ್ಚು ಕೊಡುವ ಉಪಾಯ.

ಆ ಕಾರು ನಮ್ಮನ್ನು ಸೂಳೆಕೆರೆಯ ಏರಿಯ ಮೇಲೆ ಒಯ್ದಿದೆ. ಹೊನ್ನಾಳಿಯ ಹಿರೇಕಲ್ಮಠಕ್ಕೆ ಒಯ್ದಿದೆ. ಹೆಣ್ಣು ನೋಡಲು ಜಗಳೂರಿನ ಕಡೆಗೂ ಒಯ್ದಿದೆ. ಆದರೆ ನನಗೆ ಮರೆಯದ ಪ್ರಯಾಣ ತೀರ್ಥರಾಮೇಶ್ವರದ್ದು. ಈಗಿನ ನ್ಯಾಮತಿ ತಾಲ್ಲೂಕಿನ ಬೆಟ್ಟದ ದಾರಿ. ಬೇಸಿಗೆಯ ಮಧ್ಯಾಹ್ನ. ಕಾರಿನಲ್ಲಿ ಎಂಟು ಜನ. ಅಭಿಷೇಕಕ್ಕೆ ಹೊತ್ತಾಯಿತೆಂದು ದೊಡ್ಡಪ್ಪ ಅವಸರ ಮಾಡಿದರು. ಏರಿನಲ್ಲಿ ಗೇರು ಇಳಿಸಬೇಕಾದ ಕಡೆ ಇಳಿಸದೆ ಒತ್ತಿದರು. ಎಂಜಿನ್ನು ಸದ್ದಿಲ್ಲದೆ ನಿಂತೇಬಿಟ್ಟಿತು.

ಹಿಂದಿನಿಂದ ಒಂದು ಲಾರಿ ಬಂತು. ಅದರ ಡ್ರೈವರು ವಯಸ್ಸಾದವರು, ಹೆಗಲ ಮೇಲೆ ಟವೆಲು. ಇಳಿದು ಬಂದು ಬಾನೆಟ್ ಎತ್ತಿಸಿದರು. ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ನೋಡಿದರು.

“ಗೌಡ್ರೇ, ಗಾಡಿಗೆ ಉಸಿರು ಕಟ್ಟೈತೆ. ಸ್ವಲ್ಪ ಸುಧಾರಿಸ್ಕಳ್ಳಿ ಬಿಡಿ,” ಎಂದರು.

ಆಮೇಲೆ ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪೆಟ್ರೋಲ್ ಪಂಪಿನ ಮೇಲೆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ ಹಾಕಿದರು. ವಿಷಯ ಇಷ್ಟೇ. ಬಿಸಿಗೆ ಕೊಳವೆಯಲ್ಲಿನ ಪೆಟ್ರೋಲು ಹಬೆಯಾಗಿತ್ತು. ಪಂಪು ಪೆಟ್ರೋಲನ್ನು ತಳ್ಳಬಲ್ಲದು, ಹಬೆಯನ್ನು ತಳ್ಳಲಾರದು. ಆ ಕಾಲದ ಪೆಟ್ರೋಲ್ ಕಾರುಗಳಿಗೆಲ್ಲ ಇದ್ದ ಬಾಧೆ. ಹತ್ತು ನಿಮಿಷದಲ್ಲಿ ಹಬೆ ತಣಿಯಿತು. ಕೀಲಿ ತಿರುಗಿಸಿದೊಡನೆ ಮತ್ತೆ ಟಕಟಕ. ನಾವು ಮಕ್ಕಳು ಕೆಳಗಿಳಿದು ನಡೆದೆವು. ಕಾರು ಬೆಟ್ಟ ಹತ್ತಿತು. ನಲವತ್ತು ಅಶ್ವಶಕ್ತಿಯ ಗಾಡಿ, ಒಳಗೆ ದೊಡ್ಡವರೆಲ್ಲ, ಅಂಥ ಏರು. ನುವೊಲಾರಿಯ ಹೆಸರು ನನಗಾಗ ಗೊತ್ತಿರಲಿಲ್ಲ. ಆ ಲಾರಿ ಡ್ರೈವರಿಗೂ ಗೊತ್ತಿದ್ದಿರಲಾರದು. ಆದರೆ ಎಂಜಿನ್ನು ಎಂದರೆ ಉಸಿರು ಎಂಬುದು ಅವರಿಗೆ ಗೊತ್ತಿತ್ತು.

ಹೀಗೆ ರೇಸಿನಲ್ಲಿ ಹೆಸರು ಮಾಡಿದ ಎಂಜಿನ್ನು ನಮ್ಮಲ್ಲಿ ಸಂಸಾರ ಹೊತ್ತಿತು. ಈಗ ಕೊನೆಯ ಮೆಟ್ಟಿಲು, ರ‍್ಯಾಲಿ.

ರೇಸಿಗೂ ರ‍್ಯಾಲಿಗೂ ವ್ಯತ್ಯಾಸವಿದೆ. ರೇಸು ಸಾಮಾನ್ಯವಾಗಿ ನುಣ್ಣನೆಯ ಟ್ರ್ಯಾಕಿನಲ್ಲಿ, ಎಲ್ಲರೂ ಒಟ್ಟಿಗೆ. ರ‍್ಯಾಲಿ ಮಣ್ಣು, ಹಿಮದಂಥ ದಾರಿಯಲ್ಲೂ, ಒಬ್ಬರಾದ ಮೇಲೆ ಒಬ್ಬರು, ಗಡಿಯಾರದ ವಿರುದ್ಧ. ಡ್ರೈವರಿನ ಪಕ್ಕ ಇನ್ನೊಬ್ಬರು ಕೂತು, ಮುಂದೆ ಬಲ ತಿರುವು, ಆಮೇಲೆ ಹಳ್ಳ ಎಂದು ಓದಿ ಹೇಳುತ್ತಿರಬೇಕು. ಕರ್ನಾಟಕಕ್ಕೆ ಇದು ಹೊಸದಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಿಂದ ಕೆ-1000 ಎಂಬ ರ‍್ಯಾಲಿ ನಡೆಸುತ್ತ ಬಂದಿದೆ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಮ್ಮಣ್ಣಿನ ದಾರಿಗಳಿಗೆ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಯೂ ಬಂದು ಹೋಗಿದೆ.

ಇಟಲಿಯವರು ರ‍್ಯಾಲಿಯಲ್ಲೂ ಸಣ್ಣ ಎಂಜಿನ್ನನ್ನು ನಂಬಿದರು. ಲಾನ್ಸಿಯಾ ಎಂಬ ಹಳೆಯ ಕಂಪನಿಯನ್ನು 1969ರಲ್ಲಿ ಫಿಯಟ್ ಕೊಂಡುಕೊಂಡಿತು. ಅದೇ ವರ್ಷ ಫೆರಾರಿಯ ಅರ್ಧ ಪಾಲನ್ನೂ ಕೊಂಡಿತು. ಹೆಡ್ಡು ಕೊಟ್ಟವರ ಮನೆಗೇ ಫೆರಾರಿ ಮರಳಿ ಬಂತು ಎನ್ನಿ. 1972ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸಾಂಡ್ರೊ ಮುನಾರಿ ಓಡಿಸಿದ ಲಾನ್ಸಿಯಾ ಫುಲ್ವಿಯಾ, ಬರೀ 1.6 ಲೀಟರಿನದು, ಹಿಮದ ದಾರಿಯಲ್ಲಿ ಶಕ್ತಿಶಾಲಿ ಎದುರಾಳಿಗಳನ್ನು ಹಿಂದೆ ಹಾಕಿತು. ಆಮೇಲೆ ಬಂದದ್ದು ಲಾನ್ಸಿಯಾ ಡೆಲ್ಟಾ. ನೋಡಲು ಐದು ಬಾಗಿಲಿನ ಸಾದಾ ಸಂಸಾರದ ಕಾರು. ಪೆಟ್ಟಿಗೆಯಂಥ ಮೈ. ಎರಡು ಲೀಟರ್ ಎಂಜಿನ್ನು. ಅದು 1987ರಿಂದ 1992ರವರೆಗೆ ಸತತ ಆರು ವರ್ಷ ವಿಶ್ವ ರ‍್ಯಾಲಿ ತಯಾರಕರ ಪ್ರಶಸ್ತಿ ಗೆದ್ದಿತು. ಕೀನ್ಯಾದ ದೂಳು, ಕೆಸರಿನ ಸಫಾರಿ ರ‍್ಯಾಲಿ ಲಾನ್ಸಿಯಾಗೆ ಬಹಳ ಕಾಲ ಒಲಿದಿರಲಿಲ್ಲ. ಅದನ್ನೂ 1988ರಲ್ಲಿ ಮಿಕಿ ಬಿಯಾಜಿಯೋನ್ ಡೆಲ್ಟಾದಲ್ಲೇ ಗೆದ್ದ.

ಈ ಡೆಲ್ಟಾದಲ್ಲಿ ಟರ್ಬೊ ಎಂಬ ಒಂದು ಭಾಗವಿತ್ತು. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಗಾಳಿಚಕ್ರ ತಿರುಗುತ್ತದೆ. ಅದು ಹೊಸ ಗಾಳಿಯನ್ನು ಒಳಕ್ಕೆ ಊದುತ್ತದೆ. ನಮ್ಮ ಊದುಗೊಳವೆಯೇ, ಕೇಳುಗರೇ. ಊದುವವರಿಲ್ಲದೆ ತಾನೇ ಊದಿಕೊಳ್ಳುವ ಊದುಗೊಳವೆ.

ಆ ಊದುಗೊಳವೆಯೂ ನಮ್ಮೂರಿಗೆ ಬಂತು. ಫಿಯಟ್ 2003ರಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಹೊರತಂದಿತು. ಅಳತೆ ಸುಮಾರು 1250 ಸಿಸಿ. ಅದಕ್ಕೆ ಟರ್ಬೊ ಇತ್ತು. 2007ರಿಂದ ಭಾರತದ ಸ್ವಿಫ್ಟ್ ಡೀಸೆಲ್ ಕಾರುಗಳಲ್ಲಿ, ಆಮೇಲೆ ಡಿಜೈರ್ ಟ್ಯಾಕ್ಸಿಗಳಲ್ಲಿ ಅದೇ ಎಂಜಿನ್ನು. 2020ರಲ್ಲಿ ಹೊಗೆಯ ನಿಯಮ ಬಿಗಿಯಾಗುವವರೆಗೂ ಅದು ಇಲ್ಲಿ ತಯಾರಾಯಿತು. ಹೊನ್ನಾಳಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಳೆಯ ಡೀಸೆಲ್ ಡಿಜೈರ್ ಹತ್ತಿದರೆ, ಬೋರ್ಡು ಯಾವುದೇ ಇರಲಿ, ಎಳೆಯುತ್ತಿರುವುದು ಇಟಲಿಯ ಎಂಜಿನ್ನು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಟ್ಯೂರಿನ್ನಿನ ಜಕೋಸಾ, ಹೆಸರು ಹಾಕಲಾಗದ ಫೆರಾರಿ, ಉಸಿರಿಲ್ಲದ ನುವೊಲಾರಿ, ಭದ್ರಾವತಿಯಿಂದ ಕಾರಿನವರೆಗೆ ಕನಸು ಕಂಡ ವಿಶ್ವೇಶ್ವರಯ್ಯ, ಒದ್ದೆ ಟವೆಲಿನ ಲಾರಿ ಡ್ರೈವರು, ಇವರೆಲ್ಲ ಹಾದು ಹೋದದ್ದು ನಾಲ್ಕು ಲೋಟದ ಒಂದೇ ಎಂಜಿನ್ನಿನ ಹತ್ತಿರ.

ಕೊನೆಗೊಂದು ವಿನಂತಿ. ನಿಮ್ಮ ಕೊಟ್ಟಿಗೆಯಲ್ಲೂ ಅಂಥದೊಂದು ಕಾರಿದ್ದರೆ, ಗುಜರಿಗೆ ಹಾಕುವ ಮೊದಲು ಊರಿನ ಹಳೆಯ ಮೆಕಾನಿಕ್ಕನ್ನು ಕರೆಯಿರಿ. ಎಣ್ಣೆ ಬದಲಿಸಿ, ಹಳೆಯ ಪೆಟ್ರೋಲು ಚೆಲ್ಲಿ, ಹೊಸ ಬ್ಯಾಟರಿ ಹಾಕಲಿ. ವರ್ಷಗಟ್ಟಲೆ ನಿಂತ ಎಂಜಿನ್ನು ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಗಾಗ ಒಂದು ಹತ್ತು ನಿಮಿಷ ಓಡಿಸಿ. ದೊಡ್ಡಪ್ಪನ ಕಾರನ್ನು ನಾವು ಪ್ರತಿ ಆಯುಧಪೂಜೆಗೆ ಸ್ಟಾರ್ಟ್ ಮಾಡುತ್ತೇವೆ. ಅದು ಇಂದಿಗೂ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಉಸಿರು ಹಿಡಿಯುತ್ತದೆ.